ಬೇರೆಯಾದ ತಂತ್ರಾಂಶ ಮತ್ತು ಹನ್ನೊಂದು ಪದಾಧಿಕಾರಿಗಳು

ಕಂಪ್ಯೂಟರ್ ಕೆಲಸ ಅಂದ್ರೆ ಬರೀ ತಲೆನೋವು ಅಂತ ಜನ ತಿಳಿದಿದ್ದಾರೆ. ಅದಕ್ಕೊಂದು ಕಮಿಟಿ ಮಾಡಿ ನೋಡಿ, ವಾರಕ್ಕೊಂದು ನಗು ಗ್ಯಾರಂಟಿ.

೧. ಪಾಲು

ಎರಡು ಸಾವಿರದ ಇಸವಿಯ ಆಸುಪಾಸು. ಭದ್ರಾವತಿಯ ಜನ್ನಾಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ, ಲಗ್ನಪತ್ರಿಕೆಯೇ ಮುಖ್ಯ ಕೆಲಸ. ಶಿವಮೊಗ್ಗದ ಬಳಗವೊಂದು ಕನ್ನಡ ಟೈಪಿಂಗ್ ತಂತ್ರಾಂಶ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಅಂತ ಬಿಟ್ಟಿತ್ತು. ಅದರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. ನಾನು ತಿದ್ದಿ ಕಳಿಸಿದೆ. "ಮೀಟಿಂಗಲ್ಲಿ ಇಡ್ತೀವಿ" ಅಂದರು. ಮೂರು ಮೀಟಿಂಗಾಯ್ತು. ಮೂರರಲ್ಲೂ ಚರ್ಚೆಯಾಗಿದ್ದು ಮುಂದಿನ ಮೀಟಿಂಗ್ ಎಲ್ಲಿ ಅಂತ! ರೇಗಿಹೋಗಿ, ಅವರ ತಂತ್ರಾಂಶವನ್ನೇ ತಗೊಂಡು, ನನ್ನ ತಿದ್ದುಪಡಿ ಸೇರಿಸಿ, ಇಲ್ಲಿ ಬೇರೆ ಮನೆ ಮಾಡಿದೆ.

ಹೆಂಡತಿ ಕೇಳಿದಳು, "ಪಾಲಾದ ಮೇಲೆ ಅವರಿಗೇನು ಉಳೀತು?"

"ಪೂರ್ತಿ ಅವರ ಹತ್ರಾನೂ ಇದೆ, ನಮ್ಮ ಹತ್ರಾನೂ ಇದೆ ಕಣೆ."

"ಹಂಗಿದ್ರೆ ನಿಮ್ಮಣ್ಣನ ಜೊತೆ ಜಮೀನೂ ಹೀಗೇ ಪಾಲು ಮಾಡ್ಕೊಳ್ಳಿ!"

೨. ಹುದ್ದೆ

ನಮಗೂ ಸಂಘ ಬೇಕಲ್ಲ. ಕಾರ್ಖಾನೆಯಿಂದ ನಿವೃತ್ತರಾದವರೊಬ್ಬರು ಅಧ್ಯಕ್ಷರಾದರು. ಉಪಾಧ್ಯಕ್ಷರು, ಕಾರ್ಯದರ್ಶಿ, ಗೌರವ ಸಲಹೆಗಾರರು, ಒಟ್ಟು ಹನ್ನೊಂದು ಪದಾಧಿಕಾರಿಗಳು. ಪ್ರೋಗ್ರಾಂ ಬರೆಯೋನು ನಾನೊಬ್ಬನೇ.

"ಸಾರ್, ನನಗೇನು ಹುದ್ದೆ?"

"ನೀವು ಸದಸ್ಯರು ಮಾರಾಯ್ರೆ. ಎಲ್ಲರೂ ಪದಾಧಿಕಾರಿಗಳಾದ್ರೆ ಸಂಘಕ್ಕೆ ಸದಸ್ಯರು ಬೇಡ್ವಾ?"

೩. ಹೆಸರು

ಶಿವಮೊಗ್ಗದವರ ಲೈಸೆನ್ಸಿನಲ್ಲಿ ಒಂದು ಷರತ್ತಿತ್ತು: ತಂತ್ರಾಂಶದಲ್ಲಿರುವ ಕರ್ತೃಗಳ ಪಟ್ಟಿಗೆ ಹೆಸರು ಸೇರಿಸಬಹುದು, ಇರುವ ಹೆಸರು ತೆಗೆಯುವಂತಿಲ್ಲ. ಅಧ್ಯಕ್ಷರದ್ದು ಒಂದೇ ಹಟ, "ಅವರ ಹೆಸರು ಕಿತ್ತುಹಾಕಿ." ಕಿತ್ತರೆ ಹಂಚುವ ಹಕ್ಕೇ ಹೋಗಿ ನನ್ನ ಒಂದು ವರ್ಷದ ಕೆಲಸ ಮಣ್ಣುಪಾಲು. ಹೆದರಿಬಿಟ್ಟೆ.

"ಸಾರ್, ಲಗ್ನಪತ್ರಿಕೇಲಿ ಸೋದರಮಾವನ ಹೆಸರು ಬಿಟ್ರೆ ಏನಾಗುತ್ತೆ?"

ಅವರ ಮಗಳ ಮದುವೇಲಿ ಅದೇ ಆಗಿ, ಮಾವ ಊಟ ಬಿಟ್ಟು ಎದ್ದುಹೋಗಿದ್ದರು. "ಅಯ್ಯೋ, ಇರಲಿ ಬಿಡಿ. ಆದ್ರೆ ಮೇಲೆ ನಮ್ಮೋರದ್ದು ಹಾಕಿ" ಅಂದರು. ಪಟ್ಟಿ ಬಂತು: ಹನ್ನೊಂದು ಜನ, ಅವರ ಶ್ರೀಮತಿಯರು, ಚಿ. ಮೊಮ್ಮಕ್ಕಳು. ತಂತ್ರಾಂಶ ತೆರೆದರೆ ಮೊದಲು ಇಷ್ಟೂ ಜನರ ದರ್ಶನ.

ಬಿಡುಗಡೆಯ ದಿನ ಶಿವಮೊಗ್ಗ ಬಳಗದ ಮುಖ್ಯಸ್ಥರೇ ಬಸ್ಸಿಳಿದು ಬಂದರು. ಜಗಳಕ್ಕೇ ಬಂದರು ಅಂದುಕೊಂಡೆ. ಅವರು ಕೂತು ಟೈಪ್ ಮಾಡಿ, "ಒತ್ತಕ್ಷರ ಚೆನ್ನಾಗಿ ಕೂತಿದೆ ರೀ. ನಮ್ಮದರಲ್ಲೂ ಇದನ್ನೇ ಹಾಕ್ಕೊಳ್ತೀವಿ" ಅಂದರು. ಖುಷಿಗೆ ನಾನು ಕಾಫಿಗೆ ಹೇಳಿಕಳಿಸಿದೆ.

"ಈ ಹೆಸರುಗಳನ್ನ ಮಾತ್ರ ತೆಗೀತೀವಿ."

ಅಧ್ಯಕ್ಷರು ಲೈಸೆನ್ಸಿನ ಹಾಳೆ ಹಿಡಿದು ಎದ್ದರು. "ತೆಗೆಯೋ ಹಂಗಿಲ್ಲ ಸ್ವಾಮಿ. ಬರೆದೋರು ನೀವೇ!"

ಮುಖ್ಯಸ್ಥರು ಹಾಳೆ ನೋಡಿದರು, ಪಟ್ಟಿ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು:

"ಹಂಗಿದ್ರೆ ನಮ್ಮನೆಯವಳ ಹೆಸರೂ ಸೇರಿಸಿಬಿಡಿ. ಊರೋರ ಹೆಂಡ್ತೀರೆಲ್ಲ ಇದ್ದು ಅವಳೊಬ್ಬಳೇ ಇಲ್ಲ ಅಂದ್ರೆ, ನಾನೂ ಬೇರೆ ಮನೆ ಮಾಡಬೇಕಾಗುತ್ತೆ."