ಅವಸರಪ್ಪನ ರಜೆಯೂ ನಲವತ್ತು ಅಜ್ಜಿಯರೂ

ಅವಸರಪ್ಪ ಅನ್ನುವುದು ಆಫೀಸಿನವರು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟದ್ದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವತ್ತಿನ ಅವಸರಕ್ಕೆ ಕಾರಣವೂ ಇತ್ತು. ಸಾಕಿ ಬೆಳೆಸಿದ ಅಣ್ಣನಿಗೆ ತಿಂಗಳ ಕೊನೆಯ ದಿನ ಕಣ್ಣಿನ ಆಪರೇಷನ್, ಮಾರನೆಯ ದಿನ ಪಟ್ಟಿ ಬಿಚ್ಚುವುದು. "ಬಿಚ್ಚೋವಾಗ ಎದುರಿಗಿರೋ, ಮೊದಲು ನಿನ್ನ ಮುಖ ನೋಡಬೇಕು" ಅಂದಿದ್ದ ಅಣ್ಣ.

ಹಿಂದೆ ಊರಿಗೆ ಬರುತ್ತೇನೆಂದು ಮಾತು ಕೊಟ್ಟಾಗಲೆಲ್ಲ ಅವಸರಪ್ಪ ತಪ್ಪಿದ್ದ. ಸಂಬಳ ಬರುವುದು ತಿಂಗಳ ಕೊನೆಗೆ, ಹೊರಟರೆ ಆಗಲೇ ಹೊರಡಬೇಕು. ಕಂಪ್ಯೂಟರಿನಲ್ಲಿ ರಜೆ ಕೇಳಿದರೆ ಉತ್ತರ ಒಂದೇ: "ತಿರಸ್ಕರಿಸಲಾಗಿದೆ." ಮ್ಯಾನೇಜರಿಗೆ ತನ್ನನ್ನು ಕಂಡರಾಗದು ಎಂದು ಅಣ್ಣನ ಹತ್ತಿರ ಹೇಳಿಕೊಂಡು ಹಲ್ಲು ಕಡಿಯುತ್ತಿದ್ದ.

ಆ ಮ್ಯಾನೇಜರೇ ಬೆಳಗ್ಗೆ ಕರೆದು ಹೇಳಿದರು: "ಇವತ್ತು ರಜೆ ಪ್ರೋಗ್ರಾಮಿನ ಅಪ್‌ಗ್ರೇಡ್. ಹಳೇದು ಬೇಕಾದಷ್ಟು ತಪ್ಪು ಮಾಡ್ತಿದೆ. ಹೊಸದು ಸರಿಯಾಗಿದೆಯಾ ಅಂತ ತಾನಾಗೇ ಪರೀಕ್ಷೆ ಮಾಡೋ ಟೆಸ್ಟ್‌ಗಳನ್ನ ಬರೀರಿ. ಎಲ್ಲಾ ಪಾಸಾಗಿ ಹಸಿರು ಬಂದ್ರೆ ಸಂಜೆ ಹೊಸದು ಶುರು. ಅನುಮಾನ ಬಂದ್ರೆ ನನ್ನ ಕೇಳಿ."

ಯಾವುದು ಸರಿ ಎಂದು ಯೋಚಿಸಲು ಅವಸರಪ್ಪನಿಗೆಲ್ಲಿ ಪುರಸೊತ್ತು? ಹಳೆಯದಕ್ಕೆ ಸುಳ್ಳು ಸುಳ್ಳೇ ರಜೆ ಅರ್ಜಿ ಹಾಕಿಸಿ, ಅದು ಕೊಟ್ಟ ಉತ್ತರವೇ ಸರಿಯುತ್ತರ ಎಂದು ಟೆಸ್ಟಿಗೆ ಹೇಳಿಕೊಟ್ಟ. ದಿನಾಂಕ ಬೇರೆ ಬೇರೆ, ಆದರೆ ಎಲ್ಲ ಅರ್ಜಿಗೂ ತನ್ನ ಹೆಸರು, ಒಂದೇ ಕಾರಣ: "ಅಜ್ಜಿ ತೀರಿಕೊಂಡರು." ನಲವತ್ತು ಅರ್ಜಿ ಒಂದೇ ಉಸಿರಿಗೆ ಹೋದವು. ಪ್ರತಿ ಅರ್ಜಿಗೂ ಪ್ರೋಗ್ರಾಮು ಇಡೀ ಆಫೀಸಿಗೆ ಮೇಲ್ ಕಳಿಸುತ್ತದೆ, ಅದನ್ನು ಮೊದಲು ನಿಲ್ಲಿಸಬೇಕಿತ್ತು ಎಂದು ಹೊಳೆದದ್ದು ಅಕೌಂಟ್ಸ್ ಮೇಡಂ ಕಣ್ಣೊರೆಸಿಕೊಳ್ಳುತ್ತ ಬಂದಾಗ.

"ಅಯ್ಯೋ, ಒಂದು ಮಾತು ಹೇಳಲೇ ಇಲ್ವಲ್ರೀ!"

"ಮೇಡಂ, ಅದು ಟೆಸ್ಟು..."

"ದುಃಖದಲ್ಲಿ ಹಾಗೇ, ಏನೇನೋ ಬಾಯಿಗೆ ಬರುತ್ತೆ. ನೀರು ಕುಡೀರಿ."

ಪಕ್ಕದ ಮೇಜಿನ ಹಿರಿಯರಿಗೆ ಸಲಹೆಗಾರರು ಎಂದೇ ಹೆಸರು. ಅವರು ಕನ್ನಡಕ ಏರಿಸಿ ಮೇಲ್ ಎಣಿಸಿದರು. "ನಲವತ್ತು ಜನ ಅಜ್ಜಿಯರಾ? ನಿಮ್ಮ ತಾತ ಭಾರೀ ಗಟ್ಟಿಗರು ಬಿಡಿ!"

ಅಷ್ಟರಲ್ಲಿ ಮ್ಯಾನೇಜರೂ ಬಾಗಿಲಿನಿಂದ ಇಣುಕಿದರು. "ಅಜ್ಜಿಯರೆಲ್ಲ ಮುಗಿದ್ರಾ, ಇನ್ನೂ ಇದ್ದಾರಾ?"

ಆಫೀಸಿಗೆ ಆಫೀಸೇ ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಸರಪ್ಪನಿಗೆ. ಇವತ್ತು ಈ ಮನುಷ್ಯನ ಮುಂದೆ ಮತ್ತೆ ನಿಲ್ಲುವುದಿಲ್ಲ ಎಂದು ಶಪಥ ಮಾಡಿದ.

ಸಂಜೆ ಹೊಸ ಪ್ರೋಗ್ರಾಮಿನ ಮೇಲೆ ಟೆಸ್ಟ್ ಓಡಿಸಿದರೆ ಎಲ್ಲಾ ಹಸಿರು, ಒಂದೇ ಒಂದು ಕೆಂಪು. ಯಾವುದೋ ಒಂದು ರಜೆಗೆ ಹಳೆಯದು ಬೇಡ ಎಂದಿತ್ತು, ಹೊಸದು ಆಗಲಿ ಅನ್ನುತ್ತಿದೆ.

"ಮ್ಯಾನೇಜರನ್ನ ಒಂದು ಮಾತು ಕೇಳಿ" ಅಂದರು ಸಲಹೆಗಾರರು. ಜೀವಮಾನದಲ್ಲಿ ಅವರು ಕೊಟ್ಟ ಒಳ್ಳೆಯ ಸಲಹೆ ಅದೊಂದೇ.

"ಕೇಳಿದ್ರೆ ಮತ್ತೆ ಅಜ್ಜಿ ಪುರಾಣ ಶುರು ಮಾಡ್ತಾರೆ!" ಎಂದವನೇ ಹಳೆಯ ಪ್ರೋಗ್ರಾಮಿನಲ್ಲಿ ಆ ರಜೆಗೆ ಸಂಬಂಧಿಸಿದ ತುಂಡನ್ನು ಓದದೆ ಎತ್ತಿ ತಂದು ಹೊಸದಕ್ಕೆ ಅಂಟಿಸಿದ. ಎಲ್ಲವೂ ಹಸಿರಾಯಿತು. ಹೊಸದು ಶುರುವಾಯಿತು. ಮೊದಲ ಅರ್ಜಿ ಅವನದೇ.

"ತಿರಸ್ಕರಿಸಲಾಗಿದೆ."

ಶಪಥ ಮರೆತು ಮ್ಯಾನೇಜರ ಕೋಣೆಗೆ ನುಗ್ಗಿದ. "ಸಾರ್, ಮತ್ತೆ ನನ್ನ ಅರ್ಜಿ ತಳ್ಳಿಹಾಕಿದ್ರಲ್ಲ, ನನ್ನ ಮೇಲೆ ನಿಮಗೇನು ದ್ವೇಷ? ನಮ್ಮಣ್ಣನ ಕಣ್ಣು ಸಾರ್!"

"ಯಾವ ಅರ್ಜಿ? ನನ್ನ ತನಕ ಬಂದೇ ಇಲ್ವಲ್ಲ." ಅವರು ಪರದೆ ನೋಡಿ ಹಣೆ ಚಚ್ಚಿಕೊಂಡರು. "ಒಂದು ತಿಂಗಳಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯೋ ರಜೇನ ಹಳೇದು ನನಗೆ ತೋರಿಸದೇನೇ ತಳ್ಳಿಹಾಕ್ತಿತ್ತು. ನಿಮ್ಮವು ಹಾಗೇ ಹೋಗಿದ್ದು ಗೊತ್ತಾದ ಮೇಲೇ ಈ ಅಪ್‌ಗ್ರೇಡಿಗೆ ಮೇಲಿನವರನ್ನ ಗೋಗರೆದೆ ಕಣ್ರೀ! ಹೊಸದ್ರಲ್ಲಿ ಸರಿ ಮಾಡಿಸಿದ್ದೆ. ಮತ್ತೆ ಹೇಗೆ ಬಂತು?"

ಅವಸರಪ್ಪನಿಗೆ ತಾನು ಓದದೆ ಅಂಟಿಸಿದ ತುಂಡು ನೆನಪಾಯಿತು. "ಈಗಲೇ ತೆಗೆದುಬಿಡ್ತೀನಿ ಸಾರ್."

"ಅಪ್‌ಗ್ರೇಡ್ ಆದ ಮೇಲೆ ಒಂದು ವಾರ ಯಾರೂ ಕೈ ಹಾಕೋ ಹಾಗಿಲ್ಲ. ಅದು ಬೇಡ ಅಂದಿದ್ದನ್ನ ನಾನು ಕೊಡೋ ಹಾಗೂ ಇಲ್ಲ." ಮ್ಯಾನೇಜರ ಮುಖ ನಿಜವಾಗಿಯೂ ಸಪ್ಪಗಾಗಿತ್ತು. ಇಂಥವರನ್ನು ಇಷ್ಟು ದಿನ ಶಪಿಸಿದೆನಲ್ಲ ಎಂದು ಅವಸರಪ್ಪ ತನ್ನನ್ನೇ ಬೈದುಕೊಂಡ.

ಅಣ್ಣನಿಗೆ ಫೋನ್ ಮಾಡಿದ.

"ಮತ್ತೆ ಕೊಡಲಿಲ್ವೇನೋ ಆ ಪಾಪಿ ಮ್ಯಾನೇಜರು? ಅವನ ಮನೆ ಹಾಳಾಗ!"

"ಅವರನ್ನ ಬೈಬೇಡ ಅಣ್ಣ."

"ಮತ್ತೆ ಯಾರನ್ನ ಬೈಲೋ?"

ಅವಸರಪ್ಪ ಶರ್ಟಿನ ತೋಳಿನಿಂದ ಕಣ್ಣೊರೆಸಿಕೊಂಡ. "ಹೋಗ್ಲಿ ಬಿಡು, ಕಣ್ಣು ಬಂದ ಮೇಲೆ ನಾನೇ ಬಂದು ನಿನ್ನ ನೋಡ್ತೀನಿ" ಎಂದು ಅಣ್ಣನೇ ಸಮಾಧಾನ ಮಾಡಿ ಫೋನ್ ಇಟ್ಟ.

ಬ್ಯಾಗು ಹೆಗಲಿಗೇರಿಸಿ ಮನೆಗೆ ಹೊರಟಿದ್ದ ಅಕೌಂಟ್ಸ್ ಮೇಡಂ ಅವನ ಒದ್ದೆ ಕಣ್ಣು ಕಂಡು ಗಕ್ಕನೆ ನಿಂತರು.

"ಅಯ್ಯೋ ಪಾಪ, ಇನ್ನೂ ಒಬ್ಬರು ಉಳಿದಿದ್ರಾ?"