ಉಪ್ಪುನೀರಿನ ಮಾವ

ನಮ್ಮ ಸೋದರಮಾವನಿಗೆ ಈ ಭೂಮಿಯ ಮೇಲೆ ಮೈಗೆ ಒಗ್ಗದ ವಸ್ತು ಒಂದೇ ಒಂದು. ಬದನೆಕಾಯಿ ಒಗ್ಗುತ್ತದೆ, ಹಸಿಮೆಣಸಿನಕಾಯಿ ಒಗ್ಗುತ್ತದೆ, ನಮ್ಮ ಅವ್ವನ ಬೈಗುಳವಂತೂ ಮಜ್ಜಿಗೆಯ ಹಾಗೆ ತಣ್ಣಗೆ ಇಳಿಯುತ್ತದೆ. ಒಗ್ಗದೇ ಇರುವುದು ಸಮುದ್ರ! ಹಿರೇಕೆರೂರು ತಾಲೂಕಿನ ಮನುಷ್ಯನಿಗೆ ಸಮುದ್ರ ಒಗ್ಗದಿದ್ದರೆ ಯಾರ ಗಂಟು ಹೋಯಿತು ಅನ್ನುತ್ತೀರಾ? ಸ್ವಲ್ಪ ತಡೆಯಿರಿ. ನಮ್ಮ ಮಾವ ಸಮುದ್ರ ವಿಜ್ಞಾನಿ. ಕಾರವಾರದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಸಮುದ್ರದ ಅನ್ನವನ್ನೇ ತಿಂದವನು!

ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಹುಬ್ಬೇರಿಸಬೇಡಿ. ಅವನ ಹೆಗಲ ಮೇಲೆ ಕೂತು ಮದಗದ ಕೆರೆ ನೋಡಿದವಳು ನಾನು. ಬಹುವಚನ ಬಾಯಿಗೆ ಬರುವುದಿಲ್ಲ. ಹಾನಗಲ್ಲಿನ ಆಚೆಯ ಅವ್ವನ ತವರಿನಲ್ಲಿ ಅವರ ತಾಯಿ ತೀರಿಕೊಂಡಾಗ ಮಾವನಿಗೆ ಏಳು ವರ್ಷವಂತೆ. ಅವ್ವ ಮದುವೆಯಾಗಿ ಮಾಸೂರಿಗೆ ಬರುವಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ತಮ್ಮನನ್ನು ಹಿಡಿದುಕೊಂಡೇ ಬಂದಳು. ಹೀಗಾಗಿ ಮಾವ ನಮ್ಮ ಮನೆಯ ಮೊದಲ ಮಗ. ನಾನು ಹುಟ್ಟಿದ್ದು ಆಮೇಲೆ, ಬಹಳ ಆಮೇಲೆ.

ಮಾವನ ಕೆಲಸವೇನೆಂದು ಊರವರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಮುಗಿದಿದೆ. ಹೊಲಕ್ಕೆ ಹಾಕಿದ ಗೊಬ್ಬರ, ಊರಿನ ಕೊಚ್ಚೆ, ಕಾಡಿನ ಕೊಳೆತ ಎಲೆ ಎಲ್ಲದರ ಸಾರವೂ ಹೊಳೆ ಹಿಡಿದು ಸಮುದ್ರ ಸೇರುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಜೀವಗಳು ಅದನ್ನು ತಿನ್ನುತ್ತವೆ. ಅವನ್ನು ಹುಳ ತಿನ್ನುತ್ತವೆ, ಹುಳವನ್ನು ಮೀನು ತಿನ್ನುತ್ತವೆ. ಎಲ್ಲವೂ ಸತ್ತು ತಳಕ್ಕೆ ಹೋಗಿ ಕೊಳೆತು, ಮಳೆಗಾಲದಲ್ಲಿ ಅದೇ ಸಾರ ಮತ್ತೆ ಮೇಲೆದ್ದು ಬರುತ್ತದೆ. ಈ ತಿರುಗಾಟದಲ್ಲಿ ಸಾರಜನಕ ಎಷ್ಟು, ರಂಜಕ ಎಷ್ಟು, ಯಾವಾಗ ಎಲ್ಲಿದೆ ಎಂದು ಅಳೆಯುವುದೇ ಮಾವನ ಉದ್ಯೋಗ. ಇಷ್ಟನ್ನು ಒಮ್ಮೆ ಕಟ್ಟೆಯ ಮೇಲೆ ಕೂತ ಗೌಡರಿಗೆ ಮಾವ ಒಂದು ತಾಸು ವಿವರಿಸಿದ. ಗೌಡರು ತಲೆದೂಗುತ್ತ ಕೇಳಿದರು. ಕೊನೆಗೆ,

"ಎಲ್ಲಾ ಖರೆ ರೀ. ಇಷ್ಟ ಗೊಬ್ಬರ ಹಾಕಿ ಸಮುದ್ರದಾಗ ಬೆಳಿ ಏನ ತಗೀತೀರಿ?" ಎಂದರು.

"ಮೀನು!" ಎಂದ ಮಾವ.

ಗೌಡರ ಮುಖ ಬಾಡಿತು. "ಅಯ್ಯ, ನಾವೂ ತಿನ್ನಂಗಿಲ್ಲ, ನೀವೂ ತಿನ್ನಂಗಿಲ್ಲ. ಯಾರಿಗಂತ ಈ ಉಸಾಬರಿ?"

ಮಾವನ ಇಡೀ ವೃತ್ತಿಜೀವನವನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಮುಗಿಸಿಲ್ಲ.

ಇನ್ನು ಅವನ ಮದುವೆಯ ವಿಚಾರ. ಸವಣೂರಿನಲ್ಲಿ ವೀಳ್ಯದೆಲೆ ತೋಟದವರ ಮನೆಯಲ್ಲಿ ಕನ್ಯೆ ನೋಡುವ ಕಾರ್ಯಕ್ರಮ. ನಾನು ಆಗ ಲಂಗದ ಹುಡುಗಿ, ಅವ್ವನ ಬಗಲಿಗೆ ಅಂಟಿಕೊಂಡು ಕೂತಿದ್ದೆ. ತಾಟಿನಲ್ಲಿ ಸವಣೂರಿನ ಹೆಸರಾದ ಕುರುಕಲು ಖಾರ, ಪಕ್ಕದಲ್ಲಿ ಚಹಾ. ನನ್ನ ಗಮನವೆಲ್ಲ ತಾಟಿನ ಮೇಲೆ. ಮಾವನಿಗೆ ಏನೂ ಮಾತಾಡಬೇಡ ಎಂದು ಅವ್ವ ದಾರಿಯುದ್ದಕ್ಕೂ ತಾಕೀತು ಮಾಡಿದ್ದಳು. ಅವನು ಅರ್ಧ ತಾಸು ಸುಮ್ಮನಿದ್ದ, ಪಾಪ! ಕನ್ಯೆಯ ಅಪ್ಪ ಮರ್ಯಾದೆಗೆಂದು, "ಏನರ ಕೇಳೂದಿದ್ರ ಸಂಕೋಚ ಮಾಡಬ್ಯಾಡ್ರಿ, ಕೇಳ್ರಿ" ಅಂದದ್ದೇ ತಪ್ಪಾಯಿತು.

"ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗತೈತ್ರಿ?"

ಅವ್ವ ಕಣ್ಣು ಮುಚ್ಚಿಕೊಂಡಳು. ಹಿರಿಯರು, ಅಳಿಯನಾಗುವವನು ಮನೆಯ ಕಾಗದಪತ್ರ ಕೇಳಬಹುದು, ಹೊಲದ ವಿಷಯ ಕೇಳಬಹುದು ಎಂದು ತಯಾರಾಗಿ ಕೂತಿದ್ದರು. ಬಚ್ಚಲಿಗೆ ಯಾರು ತಯಾರಾಗಿರುತ್ತಾರೆ? ಅಷ್ಟರಲ್ಲಿ ಒಳಗಿನ ಬಾಗಿಲ ಮರೆಯಿಂದ ಒಂದು ಧ್ವನಿ ಬಂತು:

"ಬಚ್ಚಲ ನೀರು ಬಾಳಿಗಿಡಕ್ಕ ಹೋಗತೈತ್ರಿ. ಭಾಂಡೆ ತಿಕ್ಕಿದ ನೀರು ಎಲಿ ತೋಟಕ್ಕ. ದೊಡ್ಡ ಮಳಿ ಬಂದ್ರ ಎರಡೂ ಕೂಡಿ ಓಣ್ಯಾಗ ಬರ್ತಾವ್ರಿ."

ಮಾವ ಎದ್ದು ನಿಂತ. "ಅಕ್ಕಾ, ನನಗ ಒಪ್ಪಿಗಿ ಐತಿ."

"ಲೇ, ಹುಡುಗಿ ಮಾರಿನ ಇನ್ನೂ ನೋಡಿಲ್ಲಲ್ಲೋ!" ಎಂದಳು ಅವ್ವ.

ಮಾರಿಯನ್ನು ಆಮೇಲೆ ನೋಡಿದ. ಅದೂ ಚೆನ್ನಾಗಿಯೇ ಇತ್ತು. ಹೀಗೆ ಒಂದು ಬಚ್ಚಲ ದೆಸೆಯಿಂದ ನನಗೆ ಅತ್ತೆ ಬಂದಳು. ಮಾವನ ಪ್ರಶ್ನೆಗಳಿಗೆಲ್ಲ ಹೀಗೆ ಹೆದರದೆ, ಬೇಸರಿಸದೆ ಉತ್ತರ ಕೊಡುವ ಇನ್ನೊಂದು ಪ್ರಾಣಿಯನ್ನು ನಾನು ಇಂದಿನವರೆಗೂ ಕಂಡಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಒಂದು ರಜೆಗೆ ಕಾರವಾರಕ್ಕೆ ಹೋದೆ. "ನಾಳೆ ದೋಣ್ಯಾಗ ಕರಕೊಂಡ ಹೋಗ್ತೇನಿ, ನನ್ನ ಆಫೀಸು ನೋಡೀಯಂತ" ಎಂದ ಮಾವ. ವಿಜ್ಞಾನಿಯೆಂದರೆ ದೋಣಿಯ ಮೂತಿಯಲ್ಲಿ ನಿಂತು ದುರ್ಬೀನು ಹಿಡಿಯುತ್ತಾನೆ ಎಂದು ನಾನು ಎಣಿಸಿದ್ದೆ. ಮಾವ ದೋಣಿ ಹತ್ತುವ ಮೊದಲೇ ಎರಡು ನಿಂಬೆಹಣ್ಣು, ಒಂದು ಶುಂಠಿ, ಹುಣಸೆಹಣ್ಣಿನ ಉಂಡೆಯೊಂದನ್ನು ಜೇಬಿಗಿಳಿಸಿದ. ದಂಡೆ ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ನಿಂಬೆ ಹೋಯಿತು. ಹದಿನೈದು ನಿಮಿಷಕ್ಕೆ ಶುಂಠಿ ಸೋತಿತು. ಹುಣಸೆಹಣ್ಣಿನ ಸರದಿ ಬರುವ ಮೊದಲೇ ಮಾವ ದೋಣಿಯ ಅಂಚಿಗೆ ಬಾಗಿ, ಬೆಳಿಗ್ಗೆ ಅತ್ತೆ ಮಾಡಿದ್ದ ಉಪ್ಪಿಟ್ಟನ್ನು ಅರಬ್ಬಿ ಸಮುದ್ರಕ್ಕೆ ಅರ್ಪಿಸಿದ.

ದೋಣಿ ನಡೆಸುವ ತಾಂಡೇಲ ತಿರುಗಿಯೂ ನೋಡಲಿಲ್ಲ. ಅವನಿಗೆ ಇದು ದಿನದ ಪೂಜೆ. ನಾನು ಗಾಬರಿಯಿಂದ ಮಾವನ ಬೆನ್ನು ಸವರುತ್ತಿದ್ದರೆ ಅವನು ಬಾಯಿ ಒರೆಸಿಕೊಂಡು ಕೇಳಿದ್ದೇನು ಗೊತ್ತೆ? "ಗಂಟೆ ಎಷ್ಟ? ಲಗೂನ ಹೇಳು!" ಹೇಳಿದೆ. ನೋಟುಬುಕ್ಕು ತೆಗೆದು ಬರೆದ. ನೀರು ತುಂಬಲು ಆಗಷ್ಟೇ ಅದೇ ಬದಿಯಿಂದ ಬಾಟಲಿ ಇಳಿಬಿಟ್ಟಿದ್ದರಂತೆ. ಉಪ್ಪಿಟ್ಟಿನಲ್ಲಿಯೂ ಸಾರಜನಕವಿರುತ್ತದಲ್ಲ! ನಾನು ಬಗ್ಗಿ ಓದಿದೆ: "ಮಾದರಿ ಹದಿನಾಲ್ಕು: ರದ್ದು. ಕಾರಣ: ವಿಜ್ಞಾನಿ."

ಅಂಥ ಪ್ರಾಮಾಣಿಕ ಮನುಷ್ಯ! ಸಮುದ್ರಕ್ಕೂ ಸುಳ್ಳು ಹೇಳಲಾರ. ಇಂಥವರೊಬ್ಬರು ಮನೆಯಲ್ಲಿದ್ದರೆ ಎಷ್ಟು ಕಷ್ಟವೆಂಬುದು ಮುಂದೆ ನನಗೇ ತಿಳಿಯಿತು.

ನನಗೆ ವರ ನೋಡುತ್ತಿದ್ದ ಕಾಲ. ಬೇಸಿಗೆಯ ಒಂದು ದಿನ ಹಿರೇಕೆರೂರಿನಿಂದ ಐದು ಜನ ಮನೆಗೆ ಬಂದರು. ಅದಕ್ಕೆ ಹಿಂದಿನ ದಿನವೇ ಮಾವ ಬಂದಿಳಿದಿದ್ದ. ಸಮುದ್ರದ ನೀರನ್ನು ಬೇರೆ ಊರಿನ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದ ದಾರಿಯಲ್ಲಿ ಅಕ್ಕನ ಮನೆಯಲ್ಲಿ ಒಂದು ರಾತ್ರಿ ತಂಗಿದ್ದ. ನೀರು ಕೆಡಬಾರದೆಂದು ಅದನ್ನು ಹೆಪ್ಪುಗಟ್ಟಿಸಬೇಕು. ಹಾಗಾಗಿ ಆರು ಚಿಕ್ಕ ಬಾಟಲಿಗಳನ್ನು ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ತುರುಕಿ, ಯಾರಿಗೂ ಹೇಳದೆ ಕೆರೆ ನೋಡಲು ಹೋಗಿದ್ದ. ಅವ್ವ ಬೀಗರಾಗುವವರಿಗೆ ನಿಂಬೆಹಣ್ಣಿನ ಶರಬತ್ತು ಮಾಡಿದಳು. ಬರ್ಫ ಬೇಕಲ್ಲ? ಖಾನೆ ತೆರೆದರೆ ಆರು ಬಾಟಲಿ ಬರ್ಫ! ತಮ್ಮನ ಬುದ್ಧಿಗೆ ಮೆಚ್ಚಿ, ಬಾಟಲಿಗಳನ್ನು ನೀರಿನಲ್ಲಿ ಅದ್ದಿ ಸಡಿಲಿಸಿ, ಎಲ್ಲ ಬರ್ಫವನ್ನೂ ಶರಬತ್ತಿಗೆ ಸುರಿದಳು.

ಹುಡುಗನ ಅಪ್ಪ ಒಂದು ಗುಟುಕು ಕುಡಿದು ಮೀಸೆ ಒರೆಸಿಕೊಂಡರು. "ಉಪ್ಪು ಸ್ವಲ್ಪ ಮುಂದ ಆತು ನೋಡ್ರಿ" ಎಂದರು. ಆದರೂ ಸಂಭಾವಿತರು, ಕುಡಿದು ಮುಗಿಸಿದರು. ಸರಿಯಾಗಿ ಆಗ ಮಾವ ಕೆರೆಯಿಂದ ಬಂದ. ಅಡುಗೆಮನೆಯಲ್ಲಿ ಖಾಲಿ ಬಾಟಲಿ ಕಂಡ. ಕಿರುಚಲಿಲ್ಲ, ಬೈಯಲಿಲ್ಲ. ನೋಟುಬುಕ್ಕು ಹಿಡಿದು ಪಡಸಾಲೆಗೆ ಬಂದು ನಿಂತ.

"ಯಾರ್ಯಾರು ಎಷ್ಟೆಷ್ಟು ಕುಡದ್ರಿ?"

"ಯಾಕ್ರಿ? ಏನಿತ್ತರಿ ಅದರಾಗ?" ಹುಡುಗನ ತಾಯಿ ಎದೆ ಹಿಡಿದುಕೊಂಡರು.

"ಏನಿಲ್ರಿ, ಬರೇ ಸಮುದ್ರ. ಸೋಸಿದ್ದೇನಿ, ಗಾಬರಿ ಆಗಬ್ಯಾಡ್ರಿ. ಸಾರ ಎಲ್ಲೂ ಹೋಗೂದಿಲ್ಲ, ಎರಡ ತಾಸಿನಾಗ ಹೊರಗ ಬರತೈತಿ. ನೀವು ಒಂದೀಟು ಇಲ್ಲೇ ಕುಂತ್ರ..."

ಅವರು ಕೂರಲಿಲ್ಲ. ಎರಡು ತಾಸಲ್ಲ, ಎರಡು ನಿಮಿಷವೂ ಕೂರಲಿಲ್ಲ! ಆ ಸಂಬಂಧ ಅಲ್ಲಿಗೇ ಕರಗಿತು. ಅವ್ವ ತಮ್ಮನ ಜೊತೆ ಒಂದು ತಿಂಗಳು ಮಾತು ಬಿಟ್ಟಳು. ನನಗೇನೂ ಬೇಸರವಾಗಲಿಲ್ಲವೆಂದು ಈಗ ಹೇಳಬಹುದು. ಆ ಹುಡುಗ ಇಡೀ ಹೊತ್ತು ನನ್ನನ್ನು ಬಿಟ್ಟು ನಮ್ಮ ಟೀವಿಯನ್ನು ನೋಡುತ್ತಿದ್ದ.

ಆಮೇಲೆ ಬೇರೆ ಕಡೆ ಮದುವೆಯಾಗಿ, ಹಿರೇಕೆರೂರಿನ ಶಾಲೆಯಲ್ಲಿ ನನಗೆ ನೌಕರಿಯೂ ಆಯಿತು. ನನ್ನ ಯಜಮಾನರು ಮಾವನನ್ನು ಬಹಳ ಗೌರವಿಸುತ್ತಿದ್ದರು. 'ತಡಸದ ಘಟನೆ'ಯವರೆಗೆ. ಹುಬ್ಬಳ್ಳಿಯಲ್ಲೊಂದು ಮದುವೆಗೆ ನಮ್ಮ ಕಾರಿನಲ್ಲಿ ಹೊರಟಿದ್ದೆವು. ಮಾವ ಮುಂದಿನ ಸೀಟಿನಲ್ಲಿ ಜರಿಯಂಚಿನ ಧೋತರ ಉಟ್ಟು ಕೂತಿದ್ದ. ಶಿಗ್ಗಾವಿ ದಾಟಿದ ಮೇಲೆ, "ಅಳಿಯಂದ್ರ, ಹೊತ್ತೈತಿ. ತಡಸದ ಮ್ಯಾಲೆ ಹಾದು ಹೋಗೂಣಲ್ಲ?" ಎಂದ. ಯಾಕೆಂದು ಆಗ ಯಾರೂ ಕೇಳಲಿಲ್ಲ. ತಡಸದ ಹತ್ತಿರ ಮಳೆ ಹಿಡಿಯಿತು. "ನಿಲ್ಲಸ್ರಿ, ನಿಲ್ಲಸ್ರಿ!" ಎಂದು ಮಾವ ಕೂಗಿದ ರೀತಿಗೆ, ಯಾರೋ ಗಾಲಿಗೆ ಸಿಕ್ಕರೆಂದು ನಮ್ಮವರು ಬ್ರೇಕು ತುಳಿದರು. ಮಾವ ಧೋತರ ಮೇಲೆ ಕಟ್ಟಿ ಹೊಲಕ್ಕೆ ಇಳಿದ.

ವಿಷಯವೇನೆಂದರೆ, ನಮ್ಮ ಕಡೆಯ ನೀರೆಲ್ಲ ತುಂಗಭದ್ರೆ ಸೇರಿ ಮೂಡಣದ ಸಮುದ್ರಕ್ಕೆ ಹೋಗುತ್ತದೆ. ಮಾವ ಜೀವನವಿಡೀ ಅಳೆದದ್ದು ಪಡುವಣದ ಸಮುದ್ರ. ಅಂದರೆ ಮಾಸೂರಿನ ಗೊಬ್ಬರದ ಒಂದು ಹರಳೂ ಅವನ ಬಾಟಲಿಗೆ ಬಂದಿಲ್ಲ! ಈ ಕೊರಗು ಅವನಿಗಿತ್ತು. ತಡಸದ ಆಸುಪಾಸಿನಲ್ಲಿ ಎಲ್ಲೋ ಒಂದು ದಿಬ್ಬದ ಮೇಲೆ ನೀರು ಎರಡಾಗಿ ಒಡೆದು, ಒಂದು ಪಾಲು ಪಡುವಣಕ್ಕೂ ಹೋಗುತ್ತದೆಂದು ಅವನ ಲೆಕ್ಕ. ಆ ದಿಬ್ಬ ಯಾವುದೆಂದು ಮಳೆ ಬರುವಾಗಲೇ ನೋಡಬೇಕಂತೆ. ಮುಕ್ಕಾಲು ತಾಸು ಕೆಸರಿನಲ್ಲಿ ಬಗ್ಗಿ ಬಗ್ಗಿ ನಡೆದ. ಮಳೆಗೆಂದು ಕಂಬಳಿಯ ಗೊಂಚಿ ಹೊದ್ದ ರೈತನೊಬ್ಬ ನಿಂತು ನೋಡಿ ಕೇಳಿದ:

"ಏನ ಕಳಕೊಂಡೀರಿ ಯಜಮಾನ್ರ?"

"ನೀರು ಹುಡುಕಾಕತ್ತೇನ್ರಿ."

ರೈತ ಒಮ್ಮೆ ಆಕಾಶ ನೋಡಿದ, ಒಮ್ಮೆ ಮಾವನನ್ನು ನೋಡಿದ. ಮೆಲ್ಲಗೆ ಕಾರಿನ ಹತ್ತಿರ ಬಂದು ನನ್ನ ಕಿವಿಯಲ್ಲಿ, "ಭಾಳ ದಿವಸದಿಂದ ಐತೇನ್ರಿ?" ಎಂದು ಮರುಗಿದ.

"ಹುಟ್ಟಾ ಐತ್ರಿ" ಎಂದೆ.

ನಾವು ಮದುವೆ ಮನೆ ಮುಟ್ಟಿದಾಗ ಪಂಕ್ತಿ ಎದ್ದಿತ್ತು. ಅಂದಿನಿಂದ ನಮ್ಮವರು ಮಾವನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದಿದ್ದರೂ ಮೊದಲು ಮೋಡ ನೋಡುತ್ತಾರೆ.

ಎರಡು ವರ್ಷದ ಹಿಂದೆ ಮಾವ ನಿವೃತ್ತನಾದ. ಕಾರವಾರದಲ್ಲೇ ಇರುವ ಮನಸ್ಸು ಅವನದು. ಆದರೆ ಅದೇ ಹೊತ್ತಿಗೆ ಅವ್ವನ ಎರಡೂ ಕಿಡ್ನಿ ಕೈಕೊಟ್ಟವು. ರಕ್ತದಲ್ಲಿ ಯೂರಿಯಾ ಏರಿದೆ, ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಬೇಕು, ರಕ್ತವನ್ನು ಯಂತ್ರದಲ್ಲಿ ತೊಳೆದು ಮತ್ತೆ ಮೈಗೆ ಬಿಡುತ್ತೇವೆ ಎಂದರು ಡಾಕ್ಟರು. ಫೋನಿನಲ್ಲಿ ಮಾವನಿಗೆ ಹೇಳಿದೆ. "ಹೌದಾ" ಎಂದಷ್ಟೇ ಹೇಳಿ ಇಟ್ಟ. ಮೂರನೆಯ ದಿನ ಅತ್ತೆ, ಎರಡು ಪೆಟ್ಟಿಗೆ, ಒಂದು ಗ್ಯಾಸ್ ಸಿಲಿಂಡರು ಸಮೇತ ಮಾಸೂರಿನ ಬಾಗಿಲಲ್ಲಿದ್ದ.

ಅಂದಿನಿಂದ ಸೋಮವಾರ, ಗುರುವಾರ ಅವ್ವನನ್ನು ಹಾವೇರಿಗೆ ಕರೆದುಕೊಂಡು ಹೋಗುವುದು ಮಾವನೇ. ಆಸ್ಪತ್ರೆಯಲ್ಲೂ ಸುಮ್ಮನಿದ್ದಾನೆಯೇ? ಯಂತ್ರದಿಂದ ಹೊರಗೆ ಬೀಳುವ ನೀರಿನಲ್ಲಿ ಯೂರಿಯಾ ಎಷ್ಟು, ಆ ನಳ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಕೇಳಿ ನರ್ಸಮ್ಮನ ಪ್ರಾಣ ತಿಂದ. ಒಂದು ದಿನ ಅವನು ಕಾಣದೆ ಹುಡುಕಿದರೆ ಆಸ್ಪತ್ರೆಯ ಹಿತ್ತಿಲಲ್ಲಿ ಚರಂಡಿಯ ಜಾಡು ಹಿಡಿದು ಹೊರಟಿದ್ದ!

"ಬೈಬ್ಯಾಡ ನಮ್ಮವ್ವ" ಎಂದು ಅವ್ವ ಮಲಗಿದಲ್ಲಿಂದಲೇ ನರ್ಸಮ್ಮನಿಗೆ ಹೇಳಿದಳು. "ದೊಡ್ಡ ಸಾಹೇಬ ಅವ. ಸ್ವಲ್ಪ ಗಟಾರದ ಹುಚ್ಚು, ಅಷ್ಟ."

ಹೋದ ಮಾರ್ಚಿನಲ್ಲಿ ಅವ್ವ ಬಹಳ ಇಳಿದುಹೋದಳು. ಊಟ ಸೇರುತ್ತಿರಲಿಲ್ಲ, ಒಮ್ಮೊಮ್ಮೆ ನನ್ನ ಗುರುತೂ ಹತ್ತುತ್ತಿರಲಿಲ್ಲ. ಈ ಸಲದ ರಕ್ತಪರೀಕ್ಷೆ ನೋಡಿ ಮುಂದಿನದನ್ನು ಹೇಳುತ್ತೇವೆ ಎಂದಿದ್ದರು ಡಾಕ್ಟರು. ಶಾಲೆಗೆ ರಜೆ ಹಾಕಿ ನಾನೂ ಹೋಗಿದ್ದೆ. ಅವ್ವ ಒಳಗೆ ಯಂತ್ರದ ಪಕ್ಕ ಮಲಗಿದ್ದಳು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ರಕ್ತಪರೀಕ್ಷೆಯ ಕಿಟಕಿಯಿಂದ ಒಂದು ಮಡಚಿದ ಕಾಗದ ಕೊಟ್ಟರು.

ಮಾವ ಇಸಿದುಕೊಂಡ. ಕನ್ನಡಕ ಹಾಕಿದ. ತೆಗೆದ. ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿದ. ಆಮೇಲೆ ಮಡಿಕೆ ಬಿಚ್ಚದೆಯೇ ಕಾಗದವನ್ನು ನನ್ನ ಕೈಗಿಟ್ಟ.

"ನೀ ಓದು."

"ನೀನ ಓದು ಮಾವ. ನನಗೇನ ತಿಳೀತೈತಿ ಇದರಾಗ? ನಿನಗಾದರ ತಿಳೀತೈತಿ."

"ತಿಳೀತೈತಿ" ಎಂದ. "ಅದಕ್ಕ ಓದಂಗಿಲ್ಲ."

ನಾನು ಬಿಚ್ಚಿ ಓದಿದೆ. ಯೂರಿಯಾ ಹೋದ ತಿಂಗಳಿಗಿಂತ ಚೆನ್ನಾಗಿ ಇಳಿದಿತ್ತು. ಹೇಳಿದೆ. "ಮತ್ತೊಮ್ಮೆ ಓದು" ಎಂದ. ಓದಿದೆ. "ಹೆಸರು ಅಕ್ಕಂದ ಐತೇನು ನೋಡು" ಎಂದ. ಅವ್ವನದೇ ಇತ್ತು. ಮಾವ ಎದ್ದು ಒಳಗೆ ಹೋಗಿ ಅವ್ವನ ಪಕ್ಕದ ಸ್ಟೂಲಿನ ಮೇಲೆ ಕೂತ.

"ಏನಂತೋ ತಮ್ಮಾ?"

"ಚಲೋ ಐತಂತ ಅಕ್ಕಾ."

"ಮತ್ತ ಯಾಕ ಅಳತಿ?"

ಅವ್ವನ ಎಡಗೈಯಲ್ಲಿ ಸೂಜಿಗಳಿದ್ದವು, ಅದನ್ನು ಅಲುಗಿಸುವಂತಿರಲಿಲ್ಲ. ಬಲಗೈಯಿಂದ ಸೆರಗು ಎಳೆದುಕೊಂಡು, ತಡವರಿಸುತ್ತ ಅವನ ಕೆನ್ನೆ ಒರೆಸಿದಳು. ಆಮೇಲೆ ಸೆರಗನ್ನು ಅವನ ಮೂಗಿಗೆ ಹಿಡಿದು, "ಸಿಂಬಳ ತಗಿ" ಎಂದಳು.

ಅರವತ್ತು ದಾಟಿದ ಮಾವ ತೆಗೆದ.