ಮುರುಗಲದ ಬೀಗತನ

ಶಾಲು ಹೊದಿಸಿದವರಿಗೆ ನಾನು ಇಲ್ಲ ಎನ್ನಲಾರೆ. ಇದು ನನ್ನ ಹುಟ್ಟುಗುಣ. ಹೆಗಲ ಮೇಲೆ ಶಾಲು ಬಿತ್ತೆಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ದನಿ ಗಂಭೀರವಾಗುತ್ತದೆ, ಬಾಯಿ ಸಿಕ್ಕಿದ್ದನ್ನೆಲ್ಲ ಒಪ್ಪಿಕೊಂಡುಬಿಡುತ್ತದೆ. ಹೀಗೆ ಒಪ್ಪಿಕೊಂಡೇ ನಮ್ಮ ಬೆಳಗಾವಿಯ ಹಿಂದವಾಡಿಯ ಒಂದು ಸಂಘಕ್ಕೆ ನಾನು ಉಪಾಧ್ಯಕ್ಷನಾಗಿದ್ದೇನೆ; ಅದು ಏನು ಮಾಡುತ್ತದೆಂದು ಇಂದಿಗೂ ತಿಳಿದಿಲ್ಲ. "ನಿಮಗ ಒಂದು ಶಾಲು ಹೊದಿಸಿ ಈ ಮನೀ ಬರಸ್ಕೊಂಡ್ರೂ, ಥ್ಯಾಂಕ್ಸ್ ಅಂತ ಹೇಳಿ ಬರ್ತೀರಿ ನೀವು" ಎನ್ನುತ್ತಾಳೆ ನಮ್ಮಾಕೆ. ಮನೆ ಇನ್ನೂ ಉಳಿದಿದೆ. ಹೋದದ್ದು ಮಾನ. ಅದರ ಕಥೆ ಹೇಳುತ್ತೇನೆ.

ಮರ ಉಳಿಸಿ, ಕಾಡು ಉಳಿಸಿ ಎಂದು ಪತ್ರಿಕೆಗಳಿಗೆ ಓದುಗರ ಪತ್ರ ಬರೆಯುವ ಚಟ ನನಗಿದೆ. ಅದನ್ನು ಯಾರೋ ಓದಿದ್ದರು ಎಂಬುದೇ ಆಶ್ಚರ್ಯ. ಓದಿ, ಖಾನಾಪುರದ ಆಚೆಯ ಒಂದು ಹಳ್ಳಿಯಲ್ಲಿ ನಡೆಯುವ ಮುರುಗಲದ ಹಬ್ಬಕ್ಕೆ ಭಾಷಣ ಮಾಡಲು ಕರೆದರು. ಮುರುಗಲವೆಂದರೆ ನಾವು ಸಾರಿಗೆ ಹಾಕುವ ಕೋಕಂ ಹಣ್ಣಿನ ಮರ. ಆ ಕಡೆಯ ಕಾಡಿನಲ್ಲಿ ಅದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಹಣ್ಣು ಬಿಡದ್ದು ಗಂಡು, ಅದರಿಂದೇನು ಉಪಯೋಗ ಎಂದು ಗಂಡುಮರಗಳನ್ನು ಕಡಿದು ಒಲೆಗೆ ಹಾಕಿದರಂತೆ. ಆಮೇಲೆ ಹೆಣ್ಣುಮರಗಳೂ ಕಾಯಿ ಬಿಡುವುದನ್ನು ನಿಲ್ಲಿಸಿದವಂತೆ. (ಇದನ್ನು ಮನೆಗೆ ಬಂದು ಒತ್ತಿ ಒತ್ತಿ ಹೇಳಿದೆ. ನಮ್ಮಾಕೆ ಯಾವ ಅಭಿಪ್ರಾಯವನ್ನೂ ಕೊಡಲಿಲ್ಲ.) ಈಗ ಆ ಊರಿನ ಹೆಂಗಸರೇ ಬೀಜ ಆರಿಸಿ ಸಸಿ ಮಾಡುತ್ತಾರೆ. ಜೂನಿನಲ್ಲಿ ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ ಹಿಡಿದ ಕೂಡಲೇ ಹಬ್ಬ. ಅಲ್ಲಿ ಸಸಿಯನ್ನು ಹಂಚುವುದಿಲ್ಲ, ಮಗಳನ್ನು ಕೊಟ್ಟ ಹಾಗೆ ಕೊಡುತ್ತಾರೆ. ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ಇಟ್ಟು ಉಡಿ ತುಂಬಿ, ಕಾಂಡಕ್ಕೆ ಒಂದು ರವಿಕೆ ಖಣದ ಚೂರು ಕಟ್ಟಿ, ಹಾಡು ಹೇಳಿ ಒಪ್ಪಿಸುತ್ತಾರೆ. ತೆಗೆದುಕೊಂಡವರು ಅಂದಿನಿಂದ ಬೀಗರು.

ನಾನು ಶಾಲು ಹೊದ್ದವನಲ್ಲವೇ? "ಒಂದು ಮರವೆಂದರೆ ಒಬ್ಬ ಮಗಳು" ಎಂದು ಶುರು ಮಾಡಿ, ಕೊನೆಗೆ ನನ್ನ ಕಣ್ಣೇ ಒದ್ದೆಯಾಗುವಷ್ಟು ಮಾತಾಡಿದೆ. ಸಸಿಗಳನ್ನು ಬೆಳೆಸಿದ್ದ ಗಂಗವ್ವ ಎಂಬ ಹಿರಿಯ ಹೆಂಗಸು ಮುಂದೆಯೇ ಕೂತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದವಳೇ, "ಸಾಹೇಬ್ರು ಇಷ್ಟ ಚಂದ ಮಾತಾಡ್ಯಾರ, ನಮ್ಮ ಹುಡುಗೀನ್ನ ಇವರ ಮನೀಗೇ ಕೊಡೂಣು" ಎಂದಳು. ಮೊಣಕಾಲೆತ್ತರದ, ಎಳೆಗೆಂಪು ಚಿಗುರಿನ ಸಸಿ. "ಮನ್ಯಾಗ ಜಾಗಾ ಐತಿ ಹೌದಲ್ರಿ ಬೀಗರ?"

"ಧಾರಾಳ ಐತಿ" ಎಂದಿತು ನನ್ನ ಹೆಗಲ ಮೇಲಿನ ಶಾಲು.

ಖರೇ ಹೇಳಬೇಕೆಂದರೆ ನಮ್ಮ ಅಂಗಳದಲ್ಲಿ ಒಂದು ಹಿಡಿ ಮಣ್ಣಿಲ್ಲ. ಮಳೆಗಾಲದ ರಾಡಿ ಮನೆಯೊಳಗೆ ಬರುತ್ತದೆಂದು ಗೇಟಿನಿಂದ ಹಿತ್ತಲಿನವರೆಗೆ ಟೈಲ್ಸ್ ಹಾಕಿಸಿದವನು ನಾನೇ. ನಮ್ಮಾಕೆ ಸಸಿ ನೋಡಿ, "ಇದನ್ನ ನಿಮ್ಮ ತಲೀ ಮ್ಯಾಲೆ ಹಚ್ಚೂಣೇನು?" ಎಂದು ಕೇಳಿದಳು. ಸದ್ಯಕ್ಕಿರಲಿ ಎಂದು ಶೋಕೇಸಿನ ಬಾಜೂ ಇದ್ದ ಚೀನೀ ಪಿಂಗಾಣಿಯ ಹೂದಾನಿಗೆ ಮಣ್ಣು ತುಂಬಿ, ಅದರಲ್ಲಿ ನೆಟ್ಟು ಗೇಟಿನ ಹತ್ತಿರ ಇಟ್ಟೆ. ಚಂದ ಕಾಣುತ್ತಿತ್ತು. ಅದೇ ಶಾಲು ಹೊದ್ದು, ಮುಂದೆ ನಿಂತು ಫೋಟೋ ತೆಗೆಸಿಕೊಂಡು ಗಂಗವ್ವನ ಫೋನಿಗೆ ಕಳಿಸಿದೆ. ಫೋಟೋದಲ್ಲಿ ನಾನು ಬಹಳ ಚೆನ್ನಾಗಿ ಬಂದಿದ್ದೆ. ಸಸಿ ನನ್ನ ಹಿಂದೆ ಎಲ್ಲೋ ಇತ್ತು.

ಹೂದಾನಿಗೆ ತಳದಲ್ಲಿ ತೂತಿರಲಿಲ್ಲ. ಬೆಳಗಾವಿಯ ಮಳೆ ನಿಮಗೆ ಗೊತ್ತು, ಹಿಡಿಯಿತೆಂದರೆ ಬಿಡುವ ಮಾತಿಲ್ಲ. ಮಗಳು ನಿಂತ ನೀರಿನಲ್ಲೇ ಉಳಿದಳು. ನಾನು ಕಿಟಕಿಯಿಂದ ನೋಡಿ, "ನೀರು ಹಾಕುವ ಕೆಲಸ ತಪ್ಪಿತು" ಎಂದು ಸಮಾಧಾನಪಟ್ಟುಕೊಂಡೆ. ಮಳೆ ಹೊಳವಾದ ದಿನ ಹೋಗಿ ಮುಟ್ಟಿದರೆ ಎಲೆಗಳೆಲ್ಲ ಕೈಗೆ ಬಂದವು, ಬೇರು ಕೊಳೆತು ನಾರುತ್ತಿತ್ತು. ಅಷ್ಟರಲ್ಲಿ ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಖಣದ ಚೂರು ಬಿಚ್ಚಿಕೊಂಡು, ಉಳಿದದ್ದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಆಚೀಚೆ ನೋಡಿ ಗಾಡಿಗೆ ಹಾಕಿಬಿಟ್ಟೆ.

ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ನಾಗರಪಂಚಮಿ ಹತ್ತಿರ ಬಂದಾಗ ಗಂಗವ್ವನ ಫೋನು ಬಂತು. "ಮಗಳ ಮೊದಲನೇ ಪಂಚಮಿ ಐತ್ರಿ ಬೀಗರ. ಕರಕೊಂಡ ಹೋಗಾಕಂತೂ ಬರಾಂಗಿಲ್ಲ, ಉಂಡಿ ತಗೊಂಡ ನಾನ ನೋಡಾಕ ಬರ್ತೀನಿ." ಸತ್ತಿದೆ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಆ ಒಂದು ನಿಮಿಷದಲ್ಲಿ ನಾನು, "ಬರ್ರಿ ಬರ್ರಿ, ಆರಾಮ ಅದಾಳ" ಎಂದೆ. ಆಮೇಲೆ ಶಹಾಪುರ, ಖಾಸಬಾಗ ಎಂದು ಮಳೆಯಲ್ಲಿ ಸ್ಕೂಟರ್ ಓಡಿಸಿ, ಊರ ಹೊರಗಿನ ಒಂದು ನರ್ಸರಿಯಲ್ಲಿ ಅಂತೂ ಒಂದು ಮುರುಗಲದ ಸಸಿ ಹಿಡಿದೆ. ಗೇಣುದ್ದ ಇತ್ತು. ಅದೇ ಹೂದಾನಿಗೆ ತಳದಲ್ಲಿ ತೂತು ಕೊರೆಸಿ ನೆಟ್ಟು, ಅದೇ ಖಣ ಕಟ್ಟಿದೆ. "ನನ್ನ ಕೇಳಿದ್ರ ನಾ ಸುಳ್ಳ ಹೇಳಾಂಗಿಲ್ಲ ನೋಡ್ರಿ" ಎಂದು ನಮ್ಮಾಕೆ ಮೊದಲೇ ಎಚ್ಚರಿಕೆ ಕೊಟ್ಟಳು.

ಗಂಗವ್ವ ಎರಡು ಬಸ್ಸು ಬದಲಿಸಿ, ಬುಟ್ಟಿ ಹೊತ್ತು ಬಂದಳು. ಒಳಗೆ ಕುಂದರ್ರಿ ಅಂದರೂ ಕೇಳದೆ ಸೀದಾ ಹೂದಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬಹಳ ಹೊತ್ತು ನೋಡಿದಳು.

"ಸೊರಗ್ಯಾಳ" ಎಂದಳು.

"ಊರ ನೀರು ಹೊಂದವಲ್ದು ಕಾಣಸ್ತದ" ಎಂದೆ.

"ಎತ್ತರಾನೂ ಇಳದಾಳಲ್ರಿ."

"ತವರುಮನಿ ನೆನಪು" ಎಂದೆ. ನನ್ನ ನಾಲಗೆಗೆ ಅವತ್ತು ಏನಾಗಿತ್ತೋ! ನಮ್ಮಾಕೆ ಚಹಾ ಮಾಡುವ ನೆವದಲ್ಲಿ ಒಳಗೆ ಓಡಿದಳು.

ಗಂಗವ್ವ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಬುಟ್ಟಿಯಿಂದ ಶೇಂಗಾದ ಉಂಡಿ, ಎಳ್ಳುಂಡಿ ತೆಗೆದು ತಟ್ಟೆಗಿಟ್ಟಳು. ಗಿಡದ ಬುಡಕ್ಕೆ ಒಂದು ಸಣ್ಣ ಉಂಡಿ ಪುಡಿ ಮಾಡಿ ಹಾಕಿ, ಕುಂಕುಮ ಹಚ್ಚಿ, ಉಡಿ ತುಂಬಿದಳು. ಪಾರಾದೆ ಎಂದುಕೊಂಡು ನಾನು ಎರಡನೇ ಎಳ್ಳುಂಡಿಗೆ ಕೈ ಹಾಕಿದ್ದೆ.

"ಈಕೀದೇನ ತಪ್ಪ, ಎರಡನೇ ಸಂಬಂಧದಾಕಿ ಅಂತ ಬ್ಯಾರೇ ಮಾಡಬಾರದು" ಎಂದು ಅವಳು ಗಿಡಕ್ಕೇ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ, ಇರಲಿಲ್ಲ. "ಮೊದಲನೇಕಿ ಹ್ವಾದ್ಲು ಅಂತ ಒಂದ ಮಾತ ಹೇಳಬೇಕಿತ್ತಲ್ರಿ ಬೀಗರ. ಮಣ್ಣು ಕೊಡಾಕರೆ ಬರ್ತಿದ್ನಿ. ಬೀಜದಿಂದ ಎಬ್ಬಿಸಿದ್ನಿ ಆಕೀನ್ನ. ಎಲ್ಲಿಟ್ರಿ?"

ಉಂಡಿ ಬಾಯಲ್ಲೇ ಉಳಿಯಿತು. ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದೆ ಎಂದು ಹೇಗೆ ಹೇಳಲಿ? ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ನಾನು ನೆಲ ನೋಡಿದೆ. ಕಣ್ಣು ಹೋದಲ್ಲೆಲ್ಲ ಟೈಲ್ಸು. ಗಂಗವ್ವನೂ ಟೈಲ್ಸು ನೋಡಿದಳು. ಹೂದಾನಿ ನೋಡಿದಳು. ಚಹಾ ಕುಡಿದು, ನಮ್ಮಾಕೆಯ ಕೈಯಿಂದ ಕುಂಕುಮ ಹಚ್ಚಿಸಿಕೊಂಡು ಹೋದಳು.

ಮರುದಿನ ಗೌಂಡಿಯನ್ನು ಕರೆಸಿ ಗೇಟಿನ ಹತ್ತಿರದ ಟೈಲ್ಸು ಕೀಳಿಸಿದೆ. ಕೆಳಗೆ ಕೆಂಪು ಮಣ್ಣು ಇನ್ನೂ ಜೀವಂತವಾಗಿತ್ತು. ಗಿಡವನ್ನು ಹೂದಾನಿಯಿಂದ ಬಿಡಿಸಿ ಅಲ್ಲಿ ನೆಟ್ಟೆ. ರಾಡಿ ಈಗ ನಡುಮನೆಯವರೆಗೆ ಬರುತ್ತದೆ, ನಾನೇ ಒರೆಸುತ್ತೇನೆ. ಹಬ್ಬದವರು ಬರುವ ವರ್ಷಕ್ಕೂ ಭಾಷಣಕ್ಕೆ ಕರೆದಿದ್ದಾರೆ. ಗಂಗವ್ವ ಊರಲ್ಲಿ ಯಾರಿಗೂ ಹೇಳಿಲ್ಲವೆಂದು ಅದರಿಂದಲೇ ತಿಳಿಯಿತು, ತಿಳಿದು ಇನ್ನಷ್ಟು ನಾಚಿಕೆಯಾಯಿತು. ಬರಲಾರೆ ಎಂದೆ. ಶಾಲಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು.

ನಿನ್ನೆ ಗಂಗವ್ವ ಫೋನು ಮಾಡಿದ್ದಳು. ಗಿಡ ಚಿಗುರಿದೆ ಎಂದೆ. "ಹೌದೇನು? ಒಂದ ಫೋಟೋ ಕಳಸ್ರಿ ಬೀಗರ" ಎಂದವಳು ತುಸು ತಡೆದು, "ಈ ಸಲ ನೀವು ಬಾಜೂಕ ಸರದ ನಿಂದರ್ರಿ" ಎಂದಳು.

ಬಾಜೂಕ ನಿಂತೇ ತೆಗೆದೆ. ತೆಗೆದು ನೋಡಿದರೆ ನನ್ನ ನೆರಳು ಗಿಡದ ಮೇಲೆ ಬಿದ್ದಿತ್ತು. ಇನ್ನೂ ಸ್ವಲ್ಪ ಸರಿದೆ.